ಬಹುಮಾನ ಕೊಡೋದು ಸುಲಭ, ಜೊಳ್ಳು ತೂರೋರು ಯಾರು?

2025ರ ಅಕ್ಟೋಬರ್‌ನಲ್ಲಿ ಆ್ಯಪಲ್ ಒಂದು ಘೋಷಣೆ ಮಾಡಿತು. ಐಫೋನ್‌ನ ಭದ್ರತೆಯಲ್ಲಿ ಅತ್ಯಂತ ಅಪಾಯದ ಲೋಪ ಹುಡುಕಿ ತಿಳಿಸಿದವರಿಗೆ 20 ಲಕ್ಷ ಡಾಲರ್ ಬಹುಮಾನ. ನಮ್ಮ ದುಡ್ಡಿನಲ್ಲಿ 17 ಕೋಟಿ ರೂಪಾಯಿಗೂ ಜಾಸ್ತಿ. ಬೋನಸ್ ಎಲ್ಲ ಸೇರಿದರೆ ಈ ಮೊತ್ತ 50 ಲಕ್ಷ ಡಾಲರ್ ದಾಟಬಹುದು ಎಂದೂ ಹೇಳಿತು.

ಮೂರು ತಿಂಗಳು ಕಳೆಯಿತು. 2026ರ ಜನವರಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಸುದ್ದಿ ಬಂತು. ಕರ್ಲ್ ಎಂಬ ತಂತ್ರಾಂಶದ ತಂಡ ತನ್ನ ಬಹುಮಾನ ಯೋಜನೆಯನ್ನೇ ನಿಲ್ಲಿಸುವುದಾಗಿ ಹೇಳಿತು. ತಿಂಗಳ ಕೊನೆಗೆ ಅದು ನಿಂತೂ ಹೋಯಿತು. ಇನ್ನು ಮುಂದೆ ಲೋಪ ಕಂಡರೆ ತಿಳಿಸಿ, ಆದರೆ ದುಡ್ಡು ಸಿಗುವುದಿಲ್ಲ ಎಂಬ ತೀರ್ಮಾನ.

ಓದಿದವರಿಗೆ ಗೊಂದಲ ಆಗುವುದು ಸಹಜ. ಹ್ಯಾಕರ್‌ಗಳಿಗೆ ದುಡ್ಡು ಕೊಡುವುದು ಒಳ್ಳೆಯದಾದರೆ ಒಬ್ಬರು ಯಾಕೆ ನಿಲ್ಲಿಸಿದರು? ಕೆಟ್ಟದ್ದಾದರೆ ಇನ್ನೊಬ್ಬರು ಯಾಕೆ ಮೊತ್ತ ದುಪ್ಪಟ್ಟು ಮಾಡಿದರು? ಅದಕ್ಕೂ ಮೊದಲು, ಕನ್ನ ಹಾಕುವವರಿಗೇ ಕಂಪನಿಗಳು ಚೆಕ್ ಬರೆದು ಕೊಡುವುದು ಏನು ಲೆಕ್ಕ?

ಉತ್ತರ ಬಹುಮಾನದ ಮೊತ್ತದಲ್ಲಿ ಸಿಗುವುದಿಲ್ಲ. ಲೋಪ ತಿಳಿಸುವ ಪತ್ರ ಬಂದ ಮೇಲೆ ಅದನ್ನು ಕೂತು ಓದುವವರು ಯಾರು, ಓದಿ ಏನು ಮಾಡುತ್ತಾರೆ ಅನ್ನುವುದರಲ್ಲಿದೆ.

ಹತ್ತು ಲಕ್ಷ ಸಂಖ್ಯೆ, ಒಂದು ಮರೆತ ಬಾಗಿಲು

ಮೊದಲು ಈ ಕೆಲಸ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಬೆಂಗಳೂರಿನದೇ ಉದಾಹರಣೆ ಇದೆ.

ಫೇಸ್‌ಬುಕ್ ಪಾಸ್‌ವರ್ಡ್ ಮರೆತರೆ ನಿಮ್ಮ ಮೊಬೈಲ್‌ಗೆ 6 ಅಂಕಿಯ ಕೋಡ್ ಬರುತ್ತದೆ. ಅದನ್ನು ಹಾಕಿದರೆ ಹೊಸ ಪಾಸ್‌ವರ್ಡ್ ಇಡಬಹುದು. 6 ಅಂಕಿ ಅಂದರೆ 000000ದಿಂದ 999999ವರೆಗೆ ಒಟ್ಟು 10 ಲಕ್ಷ ಸಂಖ್ಯೆ. ಕೈಯಲ್ಲಿ ಒಂದೊಂದೇ ಹಾಕಿ ನೋಡುವುದು ಆಗದ ಮಾತು. ಆದರೆ ಕಂಪ್ಯೂಟರ್‌ಗೆ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟರೆ ಅದಕ್ಕೆ 10 ಲಕ್ಷ ದೊಡ್ಡ ಸಂಖ್ಯೆಯೇನಲ್ಲ. ಹಾಗಾಗಿಯೇ ಹತ್ತು ಹನ್ನೆರಡು ಸಲ ತಪ್ಪು ಕೋಡ್ ಹಾಕಿದರೆ ಫೇಸ್‌ಬುಕ್ ತಡೆಯುತ್ತಿತ್ತು.

2016ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ಆನಂದ್ ಪ್ರಕಾಶ್ ಇಲ್ಲೊಂದು ಪ್ರಶ್ನೆ ಕೇಳಿಕೊಂಡರು. ಮುಖ್ಯ ತಾಣದಲ್ಲಿ ತಡೆ ಇದೆ, ಸರಿ. ಹೊಸ ಸೌಲಭ್ಯಗಳನ್ನು ಪರೀಕ್ಷೆ ಮಾಡಲು ಫೇಸ್‌ಬುಕ್ ಇಟ್ಟುಕೊಂಡಿರುವ ಬೀಟಾ ತಾಣದಲ್ಲಿ? ಹೋಗಿ ನೋಡಿದರೆ ಅಲ್ಲಿ ಆ ತಡೆಯೇ ಇರಲಿಲ್ಲ. ಎಷ್ಟು ಸಲ ಬೇಕಾದರೂ ಕೋಡ್ ಹಾಕಿ ನೋಡಬಹುದಿತ್ತು. ಮುಂಬಾಗಿಲಿಗೆ ಮೂರು ಬೀಗ ಹಾಕಿ ಹಿತ್ತಲ ಬಾಗಿಲು ಬರೀ ಎಳೆದುಕೊಂಡ ಹಾಗೆ. ಅಂದರೆ ಯಾರ ಖಾತೆಯನ್ನಾದರೂ ತೆರೆಯಬಹುದಿತ್ತು. ಮೆಸೇಜು, ಫೋಟೋ ಎಲ್ಲ ಕೈಗೆ ಸಿಗುತ್ತಿತ್ತು.

ಅವರು ತಮ್ಮದೇ ಖಾತೆಯ ಮೇಲೆ ಪ್ರಯೋಗ ಮಾಡಿ, ಖಾತ್ರಿ ಮಾಡಿಕೊಂಡು ಕಂಪನಿಗೆ ಬರೆದರು. ಕೂಡಲೇ ಲೋಪ ಸರಿಯಾಯಿತು. ಕೆಲವು ದಿನಗಳಲ್ಲಿ 15,000 ಡಾಲರ್ ಬಂತು, ಆಗಿನ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ.

ಇದೇ ಜಾತಿಯ ಲೋಪವನ್ನು 2019ರಲ್ಲಿ ತಮಿಳುನಾಡಿನ ಒಬ್ಬ ಸಂಶೋಧಕ ಇನ್‌ಸ್ಟಾಗ್ರಾಮ್‌ನಲ್ಲಿ ಹಿಡಿದರು. ಅಲ್ಲಿ ತಡೆ ಇತ್ತು. ಆದರೆ ಒಂದೇ ಹೊತ್ತಿಗೆ ಸಾವಿರ ಬೇರೆ ಬೇರೆ ಇಂಟರ್ನೆಟ್ ವಿಳಾಸಗಳಿಂದ ಕೋಡ್ ಕಳಿಸಿದರೆ ತಡೆ ಕೆಲಸ ಮಾಡುತ್ತಿರಲಿಲ್ಲ. ಅವರು ಹೀಗೆ 2 ಲಕ್ಷ ಕೋಡ್ ಕಳಿಸಿ ತೋರಿಸಿದರು. 10 ಲಕ್ಷವನ್ನೂ ಮುಗಿಸಲು 5,000 ವಿಳಾಸ ಬೇಕು, ಬಾಡಿಗೆ ಕಂಪ್ಯೂಟರ್‌ಗಳಲ್ಲಿ ಅದರ ಖರ್ಚು ಸುಮಾರು 150 ಡಾಲರ್ ಎಂದು ಲೆಕ್ಕವನ್ನೂ ಕೊಟ್ಟರು. ಬಹುಮಾನ 30,000 ಡಾಲರ್.

ಇಲ್ಲೇ ಇಡೀ ವ್ಯವಹಾರದ ತರ್ಕ ಕಾಣುತ್ತದೆ. ದೊಡ್ಡ ಕಂಪನಿಗಳಲ್ಲಿ ಭದ್ರತೆಗೇ ಅಂತ ಸಾವಿರಾರು ಜನ ಇರುತ್ತಾರೆ. ಆದರೂ ತಾವೇ ಕಟ್ಟಿದ ಮನೆಯಲ್ಲಿ ಯಾವ ಬಾಗಿಲು ಮರೆತಿದ್ದೇವೆ ಅಂತ ಒಳಗಿದ್ದವರಿಗೆ ಕಾಣುವುದು ಕಷ್ಟ. ಹೊರಗೆ ನಿಂತು ಸುತ್ತು ಹಾಕುವವರ ಕಣ್ಣಿಗೆ ಬೀಳುತ್ತದೆ. ಸಂಬಳ ಕೊಟ್ಟು ಜನ ಇಟ್ಟರೆ ಏನೂ ಸಿಗದಿದ್ದರೂ ದುಡ್ಡು ಹೋಗುತ್ತದೆ. ಇಲ್ಲಿ ಲೋಪ ಸಿಕ್ಕರೆ ಮಾತ್ರ ಖರ್ಚು.

ಅಮೆರಿಕದ ರಕ್ಷಣಾ ಇಲಾಖೆ 2016ರಲ್ಲಿ ಹೀಗೇ ಮಾಡಿ ನೋಡಿತು. ಸುಮಾರು 1,400 ಜನ ನೋಂದಾಯಿಸಿಕೊಂಡರು. ಒಂದು ತಿಂಗಳೂ ತುಂಬುವ ಮೊದಲು 138 ನಿಜವಾದ ಲೋಪಗಳು ಸಿಕ್ಕವು. ಒಟ್ಟು ಖರ್ಚು ಸುಮಾರು 1.5 ಲಕ್ಷ ಡಾಲರ್, ಅದರಲ್ಲಿ ಅರ್ಧದಷ್ಟು ಹ್ಯಾಕರ್‌ಗಳ ಕೈಗೆ. ಇದೇ ಕೆಲಸವನ್ನು ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದರೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಆಗುತ್ತಿತ್ತು ಎಂದು ಆಗಿನ ರಕ್ಷಣಾ ಕಾರ್ಯದರ್ಶಿಯೇ ಹೇಳಿದರು.

ಟಿ-ಶರ್ಟ್ ಕಾಲ

ಇದು ಹೊಸ ಪದ್ಧತಿಯೇನಲ್ಲ. 1995ರ ಅಕ್ಟೋಬರ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್‌ಗೆ ಇಂಥ ಯೋಜನೆ ತಂದಿತ್ತು. 2004ರಲ್ಲಿ ಮೊಜಿಲ್ಲಾ ಒಂದು ಲೋಪಕ್ಕೆ 500 ಡಾಲರ್ ಎಂದಿತು. 2010ರಲ್ಲಿ ಗೂಗಲ್, 2011ರಲ್ಲಿ ಫೇಸ್‌ಬುಕ್, 2013ರಲ್ಲಿ ಮೈಕ್ರೋಸಾಫ್ಟ್ ಇದೇ ದಾರಿಗೆ ಬಂದವು. ಮಧ್ಯೆ 2012ರಲ್ಲಿ ಹ್ಯಾಕರ್‌ಒನ್, ಬಗ್‌ಕ್ರೌಡ್ ಎಂಬ ವೇದಿಕೆಗಳು ಹುಟ್ಟಿದವು. ಕಂಪನಿ ಒಂದು ಕಡೆ, ಲೋಪ ಹುಡುಕುವ ಬಗ್ ಹಂಟರ್‌ಗಳು ಇನ್ನೊಂದು ಕಡೆ. ನಡುವೆ ರಿಪೋರ್ಟ್ ಸಾಗಿಸುವುದು, ದುಡ್ಡು ತಲುಪಿಸುವುದು ಇವರ ಕೆಲಸ.

ಈ ಇತಿಹಾಸದಲ್ಲಿ ಎರಡು ಟಿ-ಶರ್ಟ್‌ಗಳ ಕಥೆ ಮಾತ್ರ ಸ್ವಲ್ಪ ನಿಂತು ನೋಡಬೇಕಾದ್ದು.

2013ರಲ್ಲಿ ಯಾಹೂ ತಾಣದ ಲೋಪ ಹುಡುಕಿದವರಿಗೆ ಸಿಕ್ಕಿದ್ದು 12.50 ಡಾಲರ್‌ನ ಕೂಪನ್. ಅದೂ ಯಾಹೂ ಅಂಗಡಿಯಲ್ಲೇ ಟಿ-ಶರ್ಟು, ಪೆನ್ನು ಕೊಳ್ಳುವುದಕ್ಕೆ. ಸುದ್ದಿ ಹೊರಗೆ ಬಂದ ಕೂಡಲೇ ಜನ ರೊಚ್ಚಿಗೆದ್ದರು. ಕಂಪನಿ ಕೆಲವೇ ದಿನಗಳಲ್ಲಿ ನಿಯಮ ಬದಲಿಸಿ, 150ರಿಂದ 15,000 ಡಾಲರ್‌ವರೆಗೆ ಕೊಡುವುದಾಗಿ ಹೇಳಿತು.

ಆದರೆ ನೆದರ್‌ಲೆಂಡ್ಸ್ ಸರ್ಕಾರ ಲೋಪ ತಿಳಿಸಿದವರಿಗೆ ಕೊಡುವುದೂ ಒಂದು ಟಿ-ಶರ್ಟನ್ನೇ. ‘ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ, ಸಿಕ್ಕಿದ್ದು ಈ ಅಂಗಿ ಮಾತ್ರ’ ಎಂಬ ಅರ್ಥದ ಸಾಲು ಅದರ ಮೇಲಿದೆ. ಜಗತ್ತಿನ ಬಗ್ ಹಂಟರ್‌ಗಳು ಅದನ್ನು ಹೆಮ್ಮೆಯಿಂದ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾಹೂ ಕೊಟ್ಟಾಗ ಅವಮಾನ, ಇಲ್ಲಿ ಹೆಮ್ಮೆ. ಯಾಕೆ? ಒಂದು, ಯಾಹೂ ದುಡ್ಡು ಮಾಡುವ ಕಂಪನಿ, ಇದು ಸಾರ್ವಜನಿಕ ಕೆಲಸ. ಎರಡನೆಯದು ಇನ್ನೂ ಮುಖ್ಯ. ಲೋಪ ಕಂಡವರು ಹೇಗೆ ತಿಳಿಸಬೇಕು, ಎಷ್ಟರ ಮಟ್ಟಿಗೆ ಪರೀಕ್ಷೆ ಮಾಡಬಹುದು, ನಿಯಮ ಪಾಲಿಸಿದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಆ ದೇಶ 2013ರಲ್ಲೇ ಮಾರ್ಗಸೂಚಿ ಬರೆದಿಟ್ಟಿತು. ತಿಳಿಸಿದರೆ ಓದುತ್ತಾರೆ, ಸರಿಪಡಿಸುತ್ತಾರೆ, ಮನೆಗೆ ಪೊಲೀಸರು ಬರುವುದಿಲ್ಲ ಅನ್ನುವ ನಂಬಿಕೆ ಆ ಅಂಗಿಯ ಜೊತೆ ಬರುತ್ತದೆ.

ಆ್ಯಪಲ್ ಯಾಕೆ ಕೋಟಿಗಳಿಗೆ ಹೋಯಿತು

ಹಾಗಾದರೆ ಟಿ-ಶರ್ಟ್ ಸಾಕಲ್ಲವಾ, ಆ್ಯಪಲ್ ಯಾಕೆ ಕೋಟಿ ಕೋಟಿ ಕೊಡಬೇಕು? ಯಾಕೆಂದರೆ ಐಫೋನ್ ಲೋಪಕ್ಕೆ ಇನ್ನೊಬ್ಬ ಗಿರಾಕಿ ಇದ್ದಾನೆ.

ಕೆಲವು ಲೋಪಗಳು ಎಷ್ಟು ಅಪಾಯಕಾರಿ ಅಂದರೆ, ನೀವು ಯಾವ ಲಿಂಕನ್ನೂ ಒತ್ತಬೇಕಾಗಿಲ್ಲ. ಒಂದು ಮೆಸೇಜ್ ಬಂದು ಬಿದ್ದರೆ ಸಾಕು, ಫೋನ್ ಬೇರೆಯವರ ಹಿಡಿತಕ್ಕೆ ಹೋಗುತ್ತದೆ. ಪೆಗಾಸಸ್ ಗೂಢಚಾರ ತಂತ್ರಾಂಶದ ಹೆಸರು ನಮ್ಮಲ್ಲಿ 2021ರಲ್ಲಿ ಮನೆಮನೆಗೂ ತಲುಪಿತಲ್ವಾ, ಅದು ಐಫೋನ್‌ಗಳ ಒಳಗೆ ನುಗ್ಗಿದ್ದು ಇಂಥ ಲೋಪಗಳಿಂದಲೇ. ಇವನ್ನು ಕೊಂಡು ಸರ್ಕಾರಗಳಿಗೆ ಮಾರುವ ದಲ್ಲಾಳಿಗಳಿದ್ದಾರೆ. ಝೀರೋಡಿಯಂ ಎಂಬ ಇಂಥ ಒಂದು ಕಂಪನಿ 2019ರ ಆರಂಭದಲ್ಲಿ, ಯಾವ ಲಿಂಕನ್ನೂ ಒತ್ತಿಸದೆ ಐಫೋನ್ ವಶ ಮಾಡಿಕೊಳ್ಳುವ ದಾರಿಗೆ 20 ಲಕ್ಷ ಡಾಲರ್ ಎಂದು ಬಹಿರಂಗವಾಗಿಯೇ ದರಪಟ್ಟಿ ಹಾಕಿತು. ಆಗ ಆ್ಯಪಲ್ ಕೊಡುತ್ತಿದ್ದ ಗರಿಷ್ಠ ಮೊತ್ತ 2 ಲಕ್ಷ ಡಾಲರ್. ಹತ್ತರಲ್ಲಿ ಒಂದು ಪಾಲು! ಅದೇ ವರ್ಷ ಆ್ಯಪಲ್ ಅದನ್ನು 10 ಲಕ್ಷಕ್ಕೆ ಏರಿಸಿ, ಆಹ್ವಾನ ಇದ್ದವರಿಗೆ ಮಾತ್ರ ಇದ್ದ ಯೋಜನೆಯನ್ನು ಎಲ್ಲರಿಗೂ ತೆರೆಯಿತು. ಈಗ 20 ಲಕ್ಷ.

ಎರಡು ವ್ಯಾಪಾರಕ್ಕೂ ವ್ಯತ್ಯಾಸ ಇಷ್ಟೇ. ಆ್ಯಪಲ್ ಕೊಂಡರೆ ಲೋಪ ಸಾಯುತ್ತದೆ. ದಲ್ಲಾಳಿ ಕೊಂಡರೆ ಲೋಪ ಬದುಕಿರಬೇಕು, ಗುಟ್ಟಾಗಿರಬೇಕು. ಪತ್ರಕರ್ತರ, ವಕೀಲರ, ಹೋರಾಟಗಾರರ ಫೋನಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಇಲ್ಲಿ ಬೆಲೆ ಏರಿಸಿದ್ದು ಸರಿಯಾದ ಕ್ರಮ ಅಂತಲೇ ಹೇಳಬೇಕು.

ಇದಕ್ಕೆ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಮೈಕ್ರೋಸಾಫ್ಟ್‌ನ ಬಹುಮಾನ ಯೋಜನೆ ಕಟ್ಟಿದ ಕೇಟಿ ಮೌಸೌರಿಸ್ ಇದನ್ನು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ಬಹುಮಾನ ಸಂಬಳವನ್ನು ಮೀರಿ ಬೆಳೆದರೆ ಒಳ್ಳೆಯ ಎಂಜಿನಿಯರ್ ಒಳಗೆ ಕೂತು ಲೋಪ ತಡೆಯುವ ಬದಲು ಹೊರಗೆ ಹೋಗಿ ಲೋಪ ಹುಡುಕುತ್ತಾನೆ. ಇನ್ನೂ ಕೆಟ್ಟದ್ದೆಂದರೆ ಒಳಗಿನವನೇ ಹೊರಗಿನವನ ಜೊತೆ ಕೈ ಜೋಡಿಸಬಹುದು. ಬೇಲಿಯೇ ಎದ್ದು ಹೊಲ ಮೇಯುವ ಅಪಾಯ. ಜೊತೆಗೆ ದಲ್ಲಾಳಿಯ ಹಿಂದೆ ಸರ್ಕಾರಗಳ ಖಜಾನೆ ಇರುವಾಗ ಬೆಲೆಯ ಪೈಪೋಟಿಗೆ ಕೊನೆ ಎಲ್ಲಿ?

ಆ್ಯಪಲ್‌ನದು ವಿಶೇಷ ಪ್ರಕರಣ ಅನ್ನುವುದು ನೆನಪಿರಲಿ. ಅದು 2020ರಿಂದ ಈಚೆಗೆ 800ಕ್ಕೂ ಹೆಚ್ಚು ಜನರಿಗೆ ಒಟ್ಟು 3.5 ಕೋಟಿ ಡಾಲರ್ ಕೊಟ್ಟಿದೆ. ಇದು ಆ್ಯಪಲ್‌ಗೆ ದೊಡ್ಡ ಮೊತ್ತವಲ್ಲ. ಬಂದ ರಿಪೋರ್ಟ್ ಓದಲು ಅದರ ಬಳಿ ಸಂಬಳದ ಎಂಜಿನಿಯರ್‌ಗಳ ಪಡೆಯೇ ಇದೆ. ಕರ್ಲ್ ಬಳಿ ಇಲ್ಲದಿದ್ದುದು ಇದೇ.

ಕರ್ಲ್ ಯಾಕೆ ಕೈ ಚೆಲ್ಲಿತು

ಕರ್ಲ್ ಹೆಸರು ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆದರೆ ಈ ಲೇಖನ ಓದುತ್ತಿರುವ ಸಾಧನದಲ್ಲಿ ಅದು ಇರುವ ಸಾಧ್ಯತೆ ತುಂಬಾ ಜಾಸ್ತಿ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಪುಟ್ಟ ತಂತ್ರಾಂಶ ಅದು. ಫೋನ್, ಟಿವಿ, ಕಾರು, ಸರ್ವರ್ ಎಲ್ಲದರೊಳಗೂ ಕೂತಿದೆ. ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ 1990ರ ದಶಕದಿಂದ ಅದನ್ನು ನೋಡಿಕೊಂಡು ಬರುತ್ತಿದ್ದಾರೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಭದ್ರತಾ ತಂಡದಲ್ಲಿ ಇರುವುದು 7 ಜನ. ಅವರಲ್ಲಿ ಹೆಚ್ಚಿನವರು ತಮ್ಮ ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವವರು.

2019ರಲ್ಲಿ ಕರ್ಲ್ ಬಹುಮಾನ ಯೋಜನೆ ಶುರು ಮಾಡಿತು. ಮುಂದೆ ಬಹುಮಾನದ ದುಡ್ಡು ಇಂಟರ್ನೆಟ್ ಬಗ್ ಬೌಂಟಿ ಎಂಬ ಹೊರಗಿನ ನಿಧಿಯಿಂದ ಬರತೊಡಗಿತು. 2025ರ ಮಧ್ಯದ ಹೊತ್ತಿಗೆ 81 ಲೋಪಗಳಿಗೆ 90,000 ಡಾಲರ್‌ಗೂ ಹೆಚ್ಚು ಹಂಚಿಕೆಯಾಗಿತ್ತು. ಅಂದರೆ ಯೋಜನೆ ಫಲ ಕೊಟ್ಟಿತ್ತು. ದುಡ್ಡಿನ ಭಾರವೂ ತಂಡದ ತಲೆ ಮೇಲೆ ಇರಲಿಲ್ಲ. ಮತ್ತೆ ಎಲ್ಲಿ ಎಡವಿತು?

ಒಂದು ರಿಪೋರ್ಟ್ ಬಂದಾಗ ಏನಾಗುತ್ತದೆ ಅಂತ ನೋಡಿ. ಕರ್ಲ್‌ನ ಇಂಥ ಭಾಗದಲ್ಲಿ ಮೆಮರಿ ತುಂಬಿ ಹರಿಯುತ್ತದೆ, ಇದರಿಂದ ದಾಳಿಕೋರ ಒಳಗೆ ಬರಬಹುದು ಅಂತ ಒಬ್ಬ ಬರೆಯುತ್ತಾನೆ. ಭಾಷೆ ಚೆನ್ನಾಗಿದೆ, ಶೀರ್ಷಿಕೆಗಳಿವೆ, ಪರೀಕ್ಷೆ ಮಾಡಲು ಒಂದಿಷ್ಟು ಕೋಡ್ ಕೂಡ ಇದೆ. ತಂಡದವರು ಇದನ್ನು ಸುಮ್ನೆ ಬದಿಗಿಡುವ ಹಾಗಿಲ್ಲ. ನಿಜವಾಗಿದ್ದರೆ ಕೋಟ್ಯಂತರ ಸಾಧನಗಳಿಗೆ ಅಪಾಯ. ಮೂರು ನಾಲ್ಕು ಜನ ಕೂತು ಓದುತ್ತಾರೆ. ಹೇಳಿದ ಜಾಗದಲ್ಲಿ ಕೋಡ್ ತೆಗೆದು ನೋಡಿದರೆ ಆ ಹೆಸರಿನ ಫಂಕ್ಷನ್ನೇ ಇಲ್ಲ. ಕೊಟ್ಟ ಪರೀಕ್ಷೆಯನ್ನು ಓಡಿಸಿದರೆ ಏನೂ ಆಗುವುದಿಲ್ಲ. ಹೇಗೆ ಅಂತ ಕೇಳಿದರೆ ಅತಿ ವಿನಯದ, ಉದ್ದನೆಯ ಉತ್ತರ ಬರುತ್ತದೆ. ಅದರಲ್ಲೂ ಹುರುಳಿಲ್ಲ. ಎಐ ಚಾಟ್‌ಬಾಟ್‌ಗೆ ಕರ್ಲ್‌ನಲ್ಲಿ ಲೋಪ ಹುಡುಕು ಅಂತ ಹೇಳಿ, ಅದು ಕಟ್ಟಿಕೊಟ್ಟದ್ದನ್ನು ಓದದೆಯೇ ಕಳಿಸಿರುತ್ತಾರೆ. ಸಿಕ್ಕರೆ ಸಿಗಲಿ ಬಹುಮಾನ, ಹೋದರೆ ಏನು ಹೋಯಿತು ಅನ್ನುವ ಲೆಕ್ಕ.

ಕಳಿಸಿದವನಿಗೆ ಎರಡು ನಿಮಿಷದ ಕೆಲಸ. ಓದುವ ಒಬ್ಬೊಬ್ಬರಿಗೂ ಅರ್ಧ ಗಂಟೆಯಿಂದ ಕೆಲವು ಸಲ ಮೂರು ಗಂಟೆ. ಹಿಂದೆ ಬಂದ ರಿಪೋರ್ಟ್‌ಗಳಲ್ಲಿ ಶೇ 15ಕ್ಕಿಂತ ಹೆಚ್ಚು ನಿಜವಾದ ಲೋಪ ಆಗಿರುತ್ತಿದ್ದವು. 2025ರಲ್ಲಿ ಅದು ಶೇ 5ಕ್ಕಿಂತ ಕೆಳಗಿಳಿಯಿತು ಎಂದು ಸ್ಟೆನ್‌ಬರ್ಗ್ ಹೇಳಿದ್ದಾರೆ. ಅಂದರೆ 20 ರಿಪೋರ್ಟ್ ಓದಿದರೆ ಒಂದೂ ಸಿಗುವ ಖಾತ್ರಿ ಇಲ್ಲ. 2026ರ ಜನವರಿಯಲ್ಲಿ 16 ಗಂಟೆಯೊಳಗೆ 7 ರಿಪೋರ್ಟ್ ಬಂದವು. ಅವುಗಳಲ್ಲಿ ಒಂದೂ ಭದ್ರತಾ ಲೋಪ ಆಗಿರಲಿಲ್ಲ.

ರಾಗಿ ಕಣದಲ್ಲಿ ಕಾಳಿಗೆ ಬೆಲೆ ಕಟ್ಟುವವರು ಬಹಳ ಜನ. ಜೊಳ್ಳು ತೂರುವವರ ತೋಳು ನೋಯುವುದನ್ನು ಯಾರೂ ಲೆಕ್ಕ ಇಡುವುದಿಲ್ಲ. ಕರ್ಲ್‌ನಲ್ಲಿ ಆದದ್ದು ಇದೇ. ಕಾಳಿಗೆ ದುಡ್ಡು ಇತ್ತು, ತೂರುವವರಿಗೆ ಇರಲಿಲ್ಲ. ಬಹುಮಾನ ಇದ್ದಷ್ಟು ದಿನ ಜೊಳ್ಳು ಸುರಿಯುವವರಿಗೆ ಆಸೆ ಇದ್ದೇ ಇರುತ್ತದೆ. ಹಾಗಾಗಿ ಅವರು ಆಸೆಯ ಬುಡಕ್ಕೇ ಕೈ ಹಾಕಿದರು. ರಿಪೋರ್ಟ್ ಕಳಿಸಲು ಸಣ್ಣ ಶುಲ್ಕ ಇಡುವ ಯೋಚನೆಯೂ ಬಂದಿತ್ತು. ಆದರೆ ಡಾಲರ್ ಕಾರ್ಡ್ ಇಲ್ಲದ ಬಡ ದೇಶದ ಪ್ರಾಮಾಣಿಕ ಹುಡುಗನಿಗೆ ಅದು ದೊಡ್ಡ ಅಡ್ಡಿಯೇ ಆಗುತ್ತಿತ್ತು.

ಎಐ ಬರೀ ಜೊಳ್ಳಾ?

ಅಲ್ಲ. ಇಲ್ಲಿ ಆತುರದ ತೀರ್ಮಾನ ಬೇಡ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಕರ್ಲ್‌ಗೆ ಒಬ್ಬ ಸಂಶೋಧಕ ಎಐ ಉಪಕರಣಗಳ ಸಹಾಯದಿಂದ ಹುಡುಕಿದ ದೋಷಗಳ ದೊಡ್ಡ ಪಟ್ಟಿ ಕಳಿಸಿದರು. ಪರಿಶೀಲಿಸಿದಾಗ ಸುಮಾರು 50 ತಿದ್ದುಪಡಿ ಮಾಡಬೇಕಾಯಿತು. ಎಲ್ಲವೂ ಭದ್ರತಾ ಲೋಪ ಅಲ್ಲದಿದ್ದರೂ ನಿಜವಾದ ದೋಷಗಳೇ. ಸ್ಟೆನ್‌ಬರ್ಗ್ ಅದನ್ನು ಬಾಯಿತುಂಬ ಹೊಗಳಿದರು. ಅದೇ ವರ್ಷದ ಜೂನ್‌ನಲ್ಲಿ ಎಕ್ಸ್‌ಬೋ ಎಂಬ ಎಐ ವ್ಯವಸ್ಥೆ ಹ್ಯಾಕರ್‌ಒನ್‌ನ ಅಮೆರಿಕದ ಬಗ್ ಹಂಟರ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಮನುಷ್ಯರನ್ನೆಲ್ಲ ಹಿಂದಿಕ್ಕಿ.

ಈ ಎರಡಕ್ಕೂ ಜೊಳ್ಳಿಗೂ ಏನು ವ್ಯತ್ಯಾಸ? ಎಕ್ಸ್‌ಬೋ ಕಂಡುಹಿಡಿದದ್ದನ್ನು ಕಳಿಸುವ ಮೊದಲು ಆ ಕಂಪನಿಯ ತಜ್ಞರು ಓದುತ್ತಿದ್ದರು. ಕರ್ಲ್‌ಗೆ ಪಟ್ಟಿ ಕಳಿಸಿದವರಿಗೂ ಕೋಡ್ ಅರ್ಥವಾಗುತ್ತಿತ್ತು. ತೂರುವ ಕೆಲಸ ಕಳಿಸುವವರ ಮನೆಯಲ್ಲೇ ಮುಗಿದಿತ್ತು. ಜೊಳ್ಳು ಕಳಿಸುವವರು ಆ ಕೆಲಸವನ್ನು ಪೂರ್ತಿಯಾಗಿ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ಜಗಳ ಯಂತ್ರದ ಜೊತೆ ಅಲ್ಲ, ಈ ಅಭ್ಯಾಸದ ಜೊತೆ.

ಬಹುಮಾನದ ಹೆಸರಲ್ಲಿ ಬಾಯಿಗೆ ಬೀಗ

ಕೇಳುವ ಕಿವಿ ಇಲ್ಲದಿದ್ದರೆ ಒಂದು ಸಮಸ್ಯೆ. ಕೇಳಿಸಿಕೊಂಡೂ ಮುಚ್ಚಿಟ್ಟರೆ ಇನ್ನೊಂದು.

2016ರಲ್ಲಿ ಇಬ್ಬರು ಊಬರ್‌ನ 5.7 ಕೋಟಿ ಬಳಕೆದಾರರ ಮತ್ತು ಚಾಲಕರ ಮಾಹಿತಿ ಕದ್ದರು. ದುಡ್ಡು ಕೊಡಿ ಎಂದು ಕೇಳಿದರು. ಊಬರ್ 1 ಲಕ್ಷ ಡಾಲರ್ ಕೊಟ್ಟಿತು. ಕೊಟ್ಟಿದ್ದು ಬಗ್ ಬೌಂಟಿ, ಅಂದರೆ ಲೋಪ ತಿಳಿಸಿದವರಿಗೆ ಕೊಡುವ ಬಹುಮಾನದ ಲೆಕ್ಕದಲ್ಲಿ. ಮಾಹಿತಿ ಕದ್ದೇ ಇಲ್ಲ ಎಂಬಂತೆ ಗೋಪ್ಯತೆಯ ಒಪ್ಪಂದಕ್ಕೆ ಸಹಿಯನ್ನೂ ಹಾಕಿಸಿಕೊಂಡಿತು. ವರ್ಷದ ನಂತರ, 2017ರಲ್ಲಿ ಹೊಸ ಆಡಳಿತ ಬಂದಾಗ ವಿಷಯ ಹೊರಬಿತ್ತು. ಕಂಪನಿಯ ಭದ್ರತಾ ಮುಖ್ಯಸ್ಥರಾಗಿದ್ದ ಜೋ ಸಲಿವನ್ ಅವರನ್ನು 2022ರಲ್ಲಿ ನ್ಯಾಯಾಲಯ ತಪ್ಪಿತಸ್ಥ ಎಂದಿತು. 2023ರಲ್ಲಿ 3 ವರ್ಷ ಪ್ರೊಬೇಷನ್ (ಜೈಲಿನ ಬದಲು ನಿಗಾ) ಮತ್ತು 50,000 ಡಾಲರ್ ದಂಡ ವಿಧಿಸಲಾಯಿತು.

ಹುಡುಕಿ ತಿಳಿಸಿದವರಿಗೆ ಕೊಡುವುದು ಬಹುಮಾನ. ಕದ್ದು ಹೆದರಿಸಿದವರಿಗೆ ಕೊಡುವುದು ಸುಲಿಗೆಯ ಹಣ. ಎರಡನ್ನೂ ಒಂದೇ ಖಾತೆಗೆ ಬರೆದಾಗ ನಷ್ಟ ಆದದ್ದು 5.7 ಕೋಟಿ ಜನರಿಗೆ. ತಮ್ಮ ಮಾಹಿತಿ ಹೋಗಿದೆ ಅಂತಲೂ ಅವರಿಗೆ ಒಂದು ವರ್ಷ ಗೊತ್ತಾಗಲಿಲ್ಲ.

ಇಷ್ಟು ಕೆಟ್ಟದ್ದಲ್ಲದಿದ್ದರೂ ಗೋಪ್ಯತೆಯ ಶರತ್ತು ಹಲವು ಯೋಜನೆಗಳಲ್ಲಿದೆ. ದುಡ್ಡು ತಗೊಂಡ ಮೇಲೆ ಕಂಪನಿಯ ಅನುಮತಿ ಇಲ್ಲದೆ ಲೋಪದ ಬಗ್ಗೆ ಮಾತಾಡುವಂತಿಲ್ಲ. ಸರಿಪಡಿಸುವವರೆಗೆ ಸುಮ್ಮನಿರಿ ಅನ್ನುವುದು ನ್ಯಾಯ. ಸರಿಪಡಿಸದೆ ವರ್ಷಗಟ್ಟಲೆ ಸುಮ್ಮನಿರಿ ಅಂದರೆ, ಆ ದುಡ್ಡು ಲೋಪಕ್ಕೆ ಕೊಟ್ಟಿದ್ದೋ ಮೌನಕ್ಕೆ ಕೊಟ್ಟಿದ್ದೋ ಎಂಬ ಪ್ರಶ್ನೆ ಏಳುತ್ತದೆ.

ನಮ್ಮವರು ಹುಡುಕುತ್ತಾರೆ, ನಮ್ಮಲ್ಲಲ್ಲ

ಈ ವಿಷಯ ನಮಗೆ ಹತ್ತಿರದ್ದು ಯಾಕೆ ಅಂದರೆ, ಈ ಕೆಲಸದಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದಾರೆ. 2020ರಲ್ಲೂ 2022ರಲ್ಲೂ ಫೇಸ್‌ಬುಕ್‌ನ ಮಾತೃಸಂಸ್ಥೆಯಿಂದ ಅತಿ ಹೆಚ್ಚು ಬಹುಮಾನ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೇ ಮೊದಲು. ಕಾಲೇಜು ಹುಡುಗರು, ಸಣ್ಣ ಊರಿನವರು, ಒಂದು ಲ್ಯಾಪ್‌ಟಾಪು ಮತ್ತು ಇಂಟರ್ನೆಟ್ ಇಟ್ಟುಕೊಂಡು ಅಮೆರಿಕದ ಕಂಪನಿಗಳ ಬಾಗಿಲು ಪರೀಕ್ಷೆ ಮಾಡುತ್ತಾರೆ. ಕಷ್ಟವೂ ಇದೆ. ನಿಮಗಿಂತ ಒಂದು ಗಂಟೆ ಮೊದಲು ಬೇರೆಯವರು ಅದೇ ಲೋಪ ತಿಳಿಸಿದ್ದರೆ ನಿಮ್ಮದು ‘ಡೂಪ್ಲಿಕೇಟ್’. ವಾರಗಟ್ಟಲೆ ನಿದ್ದೆಗೆಟ್ಟಿದ್ದಕ್ಕೆ ಬಿಡಿಗಾಸೂ ಇಲ್ಲ.

ಆದರೆ ಅದೇ ಹುಡುಗನಿಗೆ ನಮ್ಮದೇ ಸರ್ಕಾರಿ ತಾಣದಲ್ಲೋ, ಸ್ಥಳೀಯ ಕಂಪನಿಯ ಆ್ಯಪ್‌ನಲ್ಲೋ ಲೋಪ ಕಂಡರೆ? ತಿಳಿಸಬೇಕೋ ಬೇಡವೋ ಅಂತ ಹತ್ತು ಸಲ ಯೋಚಿಸುತ್ತಾನೆ.

ಕಾರಣ ಕಾನೂನಿನಲ್ಲಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಪ್ರವೇಶಿಸಿದರೆ ಪರಿಹಾರ ಕಟ್ಟಿಕೊಡಬೇಕು. ಅದನ್ನು ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದ ಕಂಪ್ಯೂಟರ್ ಆದರೆ 70ನೇ ಸೆಕ್ಷನ್, 10 ವರ್ಷದವರೆಗೆ ಜೈಲು. ಆಧಾರ್‌ನ ಕೇಂದ್ರ ದತ್ತಾಂಶ ಕೋಶ ಈ ಗುಂಪಿಗೆ ಸೇರಿದೆ.

ಸೂಕ್ಷ್ಮವಾಗಿ ಓದಿದರೆ, ಒಳ್ಳೆಯ ಉದ್ದೇಶದಿಂದ ಲೋಪ ತಿಳಿಸಿದವರ ಮೇಲೆ 66 ನಿಲ್ಲಬಾರದು. ಆದರೆ ಉದ್ದೇಶ ಒಳ್ಳೆಯದಿತ್ತು ಅಂತ ಸಾಬೀತಾಗುವುದು ನ್ಯಾಯಾಲಯದಲ್ಲಿ. ಎಫ್‌ಐಆರ್ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಅದರ ಜೊತೆ ಲ್ಯಾಪ್‌ಟಾಪ್ ಜಪ್ತಿ, ಠಾಣೆಗೆ ಓಡಾಟ, ವಕೀಲರ ಫೀಸು. 2018ರ ಜನವರಿಯಲ್ಲಿ 500 ರೂಪಾಯಿಗೆ ಆಧಾರ್ ಮಾಹಿತಿ ಸಿಗುತ್ತಿದೆ ಎಂದು ಟ್ರಿಬ್ಯೂನ್ ಪತ್ರಿಕೆ ವರದಿ ಮಾಡಿದಾಗ ಆಧಾರ್ ಪ್ರಾಧಿಕಾರದ ದೂರಿನ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು. ಆಕೆ ಪತ್ರಕರ್ತೆ, ಬಗ್ ಹಂಟರ್ ಅಲ್ಲ. ಆದರೆ ಲೋಪ ಕಂಡು ಬಾಯಿ ಬಿಡಬೇಕೋ ಬೇಡವೋ ಅಂತ ಯೋಚಿಸುತ್ತಿದ್ದ ಎಲ್ಲರೂ ಆ ಸುದ್ದಿ ಓದಿದ್ದರು.

ಹಾಗಂತ ಏನೂ ಬದಲಾಗಿಲ್ಲ ಅನ್ನುವಂತಿಲ್ಲ. 2020ರ ಮೇ ತಿಂಗಳಲ್ಲಿ ಆರೋಗ್ಯ ಸೇತು ಆ್ಯಪ್‌ನ ಕೋಡ್ ಬಹಿರಂಗ ಮಾಡಿದಾಗ ಸರ್ಕಾರ ಬಹುಮಾನವನ್ನೂ ಘೋಷಿಸಿತು. 2022ರ ಜುಲೈನಲ್ಲಿ ಆಧಾರ್ ಪ್ರಾಧಿಕಾರವೇ 20 ಹ್ಯಾಕರ್‌ಗಳನ್ನು ಆರಿಸಿ ಪರೀಕ್ಷೆ ಮಾಡಿಸಲು ಮುಂದಾಯಿತು. ಗೋಪ್ಯತೆಯ ಒಪ್ಪಂದ ಕಡ್ಡಾಯವಾಗಿತ್ತು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ಯಾರು ಬೇಕಾದರೂ ಲೋಪ ತಿಳಿಸಬಹುದು. ಆದರೆ ತಿಳಿಸಿದವರ ಮೇಲೆ ಕೇಸು ಹಾಕುವುದಿಲ್ಲ ಎಂಬ ಖಚಿತ ಮಾತು ಕಾಯ್ದೆಯಲ್ಲಿ ಇಲ್ಲ. ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ, ಒಳ್ಳೆಯ ಉದ್ದೇಶದ ಭದ್ರತಾ ಸಂಶೋಧನೆಗೆ ಹ್ಯಾಕಿಂಗ್ ಕಾಯ್ದೆಯಡಿ ಮೊಕದ್ದಮೆ ಹೂಡಬಾರದು ಎಂದು ತನ್ನ ವಕೀಲರಿಗೆ ಲಿಖಿತ ಸೂಚನೆಯನ್ನೇ ಕೊಟ್ಟಿತು.

ಇದರ ಪರಿಣಾಮ ನೇರ. ಅಮೆರಿಕದ ಕಂಪನಿಯ ಲೋಪ ಕೂಡಲೇ ಸರಿಯಾಗುತ್ತದೆ, ಯಾಕೆಂದರೆ ನಮ್ಮ ಹುಡುಗ ಧೈರ್ಯವಾಗಿ ಬರೆದ. ನಮ್ಮ ಜನರ ಮಾಹಿತಿ ಇರುವ ತಾಣದ ಲೋಪ ಹಾಗೇ ಉಳಿಯುತ್ತದೆ, ಯಾಕೆಂದರೆ ಅದೇ ಹುಡುಗ ಹೆದರಿದ. ಹೆದರದವನು ಕಳ್ಳ ಮಾತ್ರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ಥಿತಿ ಬರುವುದು ಹೀಗೆ.

ಇದಕ್ಕೆ ವಿರುದ್ಧವಾದ ವಾದವೂ ಇದೆ. ಅನುಮತಿ ಇಲ್ಲದೆ ನುಗ್ಗಿ, ಸಿಕ್ಕಿಬಿದ್ದ ಮೇಲೆ ಪರೀಕ್ಷೆ ಮಾಡುತ್ತಿದ್ದೆ ಅನ್ನುವವರಿಗೆ ರಕ್ಷಣೆ ಕೊಟ್ಟಂತಾಗುವುದಿಲ್ಲವಾ ಎಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜೊತೆಗೆ, ನಿಮ್ಮ ತಾಣದಲ್ಲಿ ದೊಡ್ಡ ಲೋಪ ಇದೆ, ದುಡ್ಡು ಕೊಟ್ಟರೆ ಹೇಳುತ್ತೇನೆ ಎಂದು ಸಣ್ಣಪುಟ್ಟ ಕಂಪನಿಗಳಿಗೆ ಇಮೇಲ್ ಕಳಿಸಿ ಪೀಡಿಸುವವರೂ ಇದ್ದಾರೆ. ಆದರೆ ಎಲ್ಲಿಯವರೆಗೆ ಪರೀಕ್ಷೆ, ಎಲ್ಲಿಂದ ಕಳ್ಳತನ ಎಂಬ ಗೆರೆ ಎಳೆಯುವುದು ಅಸಾಧ್ಯವೇನಲ್ಲ. ತನ್ನದೇ ಖಾತೆಯ ಮೇಲೆ ಪ್ರಯೋಗ, ಬೇರೆಯವರ ಮಾಹಿತಿ ಇಳಿಸಿಕೊಳ್ಳದಿರುವುದು, ಸೇವೆ ಕೆಡಿಸದಿರುವುದು, ಸರಿಪಡಿಸಲು ಸಮಯ ಕೊಡುವುದು. ಬಹುಪಾಲು ಯೋಜನೆಗಳ ನಿಯಮ ಪುಟದಲ್ಲಿ ಇದೇ ಇರುತ್ತದೆ.

ಮುಂದೆ ಏನಾಗಬಹುದು

ದೊಡ್ಡ ಕಂಪನಿಗಳ ಬಹುಮಾನ ಇನ್ನೂ ಏರುವ ಸಾಧ್ಯತೆ ಇದೆ. ಆದರೆ ಏರುವುದು ಮೇಲಿನ ತುದಿಯಲ್ಲಿ ಮಾತ್ರ, ಯಂತ್ರಕ್ಕೆ ಸುಲಭವಾಗಿ ಸಿಗದ ಕ್ಲಿಷ್ಟ ಲೋಪಗಳಿಗೆ. ಸಣ್ಣ ಲೋಪಗಳನ್ನು ಎಐ ಉಪಕರಣಗಳನ್ನು ಇಟ್ಟುಕೊಂಡು ಕಂಪನಿಗಳೇ ಹುಡುಕಿಕೊಳ್ಳುತ್ತವೆ. ಹಾಗಾದಾಗ ಮೊದಲ ಪೆಟ್ಟು ಬೀಳುವುದು ಈಗಷ್ಟೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ. 100, 200 ಡಾಲರ್‌ನ ಸಣ್ಣ ಲೋಪಗಳೇ ಅವರ ಮೊದಲ ಮೆಟ್ಟಿಲು.

ಕರ್ಲ್ ತರಹದ ಪುಕ್ಕಟೆ ತಂತ್ರಾಂಶಗಳಲ್ಲಿ ಬಹುಮಾನ ಇನ್ನೂ ಕೆಲವು ಕಡೆ ನಿಲ್ಲಬಹುದು. ಆ ತಂತ್ರಾಂಶ ಬಳಸಿ ಲಾಭ ಮಾಡುವ ಕಂಪನಿಗಳು ಬಹುಮಾನದ ನಿಧಿಗೆ ದುಡ್ಡು ಹಾಕಿ ಕೈ ತೊಳೆದುಕೊಂಡರೆ ಸಾಲದು. ರಿಪೋರ್ಟ್ ಓದುವವರಿಗೆ ಸಂಬಳ ಕೊಡಬೇಕು. ಹಾಗೆ ಮಾಡಿದರೆ ಮುಚ್ಚಿದ ಬಾಗಿಲು ಮತ್ತೆ ತೆರೆದೀತು.

ನಮ್ಮ ದೇಶದಲ್ಲಿ ಒತ್ತಡ ಬೇರೆ ಕಡೆಯಿಂದ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಆಮೇಲೆ ಜನರ ಮಾಹಿತಿ ಕಾಪಾಡಲು ಸರಿಯಾದ ಎಚ್ಚರಿಕೆ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಅಷ್ಟು ದೊಡ್ಡ ದಂಡ ಎದುರಿಗಿರುವಾಗ ಹೊರಗಿನವರು ಬಂದು ಲೋಪ ತೋರಿಸುವುದು ಉಪದ್ರವ ಅಲ್ಲ, ಉಪಕಾರ ಅಂತ ಕಂಪನಿಗಳಿಗೆ ಕಾಣತೊಡಗಬಹುದು.

ಶುರು ಮಾಡಲು ದುಡ್ಡೂ ಬೇಕಾಗಿಲ್ಲ. ವೆಬ್ ತಾಣದಲ್ಲಿ ‘ಸೆಕ್ಯುರಿಟಿ ಡಾಟ್ ಟೆಕ್ಸ್ಟ್’ ಎಂಬ ಪುಟ್ಟ ಕಡತ ಇಡುವ ಪದ್ಧತಿ ಇದೆ, 2022ರಿಂದ ಅದಕ್ಕೆ ಅಧಿಕೃತ ಮಾದರಿಯೂ ಇದೆ. ಲೋಪ ಕಂಡರೆ ಯಾವ ಇಮೇಲ್‌ಗೆ ಬರೆಯಬೇಕು, ನಮ್ಮ ನಿಯಮ ಎಲ್ಲಿದೆ ಎಂದು ನಾಲ್ಕು ಸಾಲು. ನಿಮ್ಮ ಬ್ಯಾಂಕಿನ, ವಿದ್ಯುತ್ ಕಂಪನಿಯ, ಮಕ್ಕಳ ವಿಶ್ವವಿದ್ಯಾಲಯದ ತಾಣದಲ್ಲಿ ಅದು ಇದೆಯಾ ಅಂತ ಯಾರು ಬೇಕಾದರೂ ಒಂದು ನಿಮಿಷದಲ್ಲಿ ನೋಡಬಹುದು. ಇದ್ದರೆ ಆ ಇಮೇಲ್ ತೆರೆದು ಓದುವ ಒಬ್ಬರನ್ನು ಅಲ್ಲಿ ನೇಮಿಸಿದ್ದಾರಾ ಅನ್ನುವುದು ನಂತರದ ಪ್ರಶ್ನೆ.